ಹೊಗೆಗೆ ಪರೀಕ್ಷೆಯೋ, ಕಾಗದಕ್ಕೆ ಪರೀಕ್ಷೆಯೋ?



ಮೂವತ್ತನಾಲ್ಕು ವರ್ಷ ಪಾಠ ಹೇಳಿದವನಿಗೆ ಪರೀಕ್ಷೆ ಎಂಬ ಪದದ ಮೇಲೆ ಒಂದು ಬಗೆಯ ಮಮತೆ ಇರುತ್ತದೆ. ಆ ಪದಕ್ಕೆ ಅಪಚಾರವಾದುದನ್ನು ಕಳೆದ ತಿಂಗಳು ಕಣ್ಣಾರೆ ಕಂಡೆ. ಅದರಲ್ಲಿ ನಾನೂ ಪಾಲುಗಾರನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

2007ರಲ್ಲಿ ಕೊಂಡ ನನ್ನ ಸ್ಕೂಟರನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಅದರ ಹೊಗೆ ತಪಾಸಣೆಯ ಅವಧಿ ಮುಗಿದಿತ್ತೆಂದು ಪೆಟ್ರೋಲ್ ಬಂಕಿನ ಪಕ್ಕದ ತಪಾಸಣಾ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಯುವಕ ನನ್ನ ಹಳೆಯ ಶಿಷ್ಯ, ಹೆಸರು ಹೇಳಲಾರೆ. ಓಡಿಬಂದು ನಮಸ್ಕರಿಸಿ, ಕುರ್ಚಿ ಹಾಕಿ, ಟೀ ತರಿಸಿದ. "ನಿಮ್ಮ ಗಾಡಿಗೆಲ್ಲ ಏನ್ ಟೆಸ್ಟು ಸಾರ್, ನೀವ್ ಕೂತ್ಕೊಳ್ಳಿ" ಎಂದವನೇ ನಂಬರ್ ಪ್ಲೇಟಿನ ಫೋಟೋ ತೆಗೆದು, ಪ್ರಮಾಣಪತ್ರ ಮುದ್ರಿಸಿ ಕೈಗಿತ್ತ. ಸೈಲೆನ್ಸರ್ ಒಳಗೆ ಇಳಿಯಬೇಕಾದ ನಳಿಕೆ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ನಾನು ಟೀ ಕುಡಿದು, ದುಡ್ಡು ಕೊಟ್ಟು ಮನೆಗೆ ಬಂದೆ.

ಉತ್ತರಪತ್ರಿಕೆಯನ್ನೇ ನೋಡದೆ ಅಂಕ ಕೊಟ್ಟವನು ನನ್ನ ಶಿಷ್ಯ, ಪಡೆದವನು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಹೋಗಿ, ನಿಜವಾಗಿ ಪರೀಕ್ಷಿಸು ಎಂದು ಹಟ ಹಿಡಿದೆ. ನನ್ನಂಥ ಸ್ಕೂಟರಿನ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇಕಡಾ 3.5 ಮೀರಬಾರದು, ಯಂತ್ರ ತೋರಿಸಿದ್ದು 5ಕ್ಕಿಂತ ಹೆಚ್ಚು! ಮೆಕ್ಯಾನಿಕ್ ಏರ್ ಫಿಲ್ಟರ್ ಬದಲಿಸಿ, ಕಾರ್ಬುರೇಟರ್ ಸರಿಪಡಿಸಿದ ಮೇಲೆ ಗಾಡಿ ತೇರ್ಗಡೆಯಾಯಿತು. ಅರ್ಧ ಗಂಟೆಯ ಕೆಲಸ. ಸುಳ್ಳು ಪ್ರಮಾಣಪತ್ರವನ್ನೇ ನಂಬಿದ್ದರೆ ಇನ್ನೂ ಆರು ತಿಂಗಳು ಊರಿಗೆಲ್ಲ ಆ ವಿಷ ಕುಡಿಸುತ್ತಿದ್ದೆ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದ ಪ್ರಕಾರ, ನೋಂದಣಿಯಾಗಿ ಒಂದು ವರ್ಷ ಕಳೆದ ಪ್ರತಿ ವಾಹನಕ್ಕೂ ಈ ಪ್ರಮಾಣಪತ್ರ ಬೇಕು. ಭಾರತ್ ಸ್ಟೇಜ್ 4 ಮತ್ತು ಆನಂತರದ ವಾಹನಗಳಿಗೆ ವರ್ಷಕ್ಕೊಮ್ಮೆ, ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. 2019ರ ತಿದ್ದುಪಡಿಯ ನಂತರ ತಪ್ಪಿಗೆ 10,000 ರೂಪಾಯಿವರೆಗೆ ದಂಡವುಂಟು. ಈ ಪ್ರಮಾಣಪತ್ರವಿಲ್ಲದೆ ವಿಮೆ ನವೀಕರಿಸಬಾರದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು; 2024ರಲ್ಲಿ ಆ ಷರತ್ತನ್ನು ಸಡಿಲಿಸಿತು. ಈ ಬಿಗಿಯೆಲ್ಲ ಹಿಡಿಯುವುದು ಕಾಗದವನ್ನೇ ಹೊರತು ಹೊಗೆಯನ್ನಲ್ಲ.

ಪಠ್ಯಕ್ರಮವಾದರೂ ಪೂರ್ಣವಾಗಿದೆಯೇ? ಪೆಟ್ರೋಲ್ ಗಾಡಿ ನಿಂತಲ್ಲೇ ಮೆಲ್ಲನೆ ಗುರುಗುಡುವಾಗ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೆಯುತ್ತಾರೆ. ಡೀಸೆಲ್ ಗಾಡಿಯ ಎಂಜಿನ್ ಜೋರು ಮಾಡಿ ಹೊಗೆಯ ಕಪ್ಪನ್ನು ಅಳೆಯುತ್ತಾರೆ. ಶ್ವಾಸಕೋಶಕ್ಕಿಳಿಯುವ ಸೂಕ್ಷ್ಮ ಕಣಗಳನ್ನಾಗಲಿ, ಸಾರಜನಕದ ಆಕ್ಸೈಡುಗಳನ್ನಾಗಲಿ ಅಳೆಯುವುದೇ ಇಲ್ಲ. ಪಾಠವೇ ಅರ್ಧ, ಅದರಲ್ಲೂ ನಕಲು!

ಇನ್ನು ನೋಂದಣಿಯ ವಿಚಾರ. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್ 1ರಿಂದ ಈ ನವೀಕರಣದ ಶುಲ್ಕ ದ್ವಿಚಕ್ರಕ್ಕೆ 300ರಿಂದ 1,000ಕ್ಕೆ, ಕಾರಿಗೆ 600ರಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ ಅದನ್ನೂ ಇಮ್ಮಡಿ ಮಾಡಿದರು. ನನ್ನ ನಿವೃತ್ತ ಮಿತ್ರರು ಶುಲ್ಕ ಹೆಚ್ಚಾಯಿತೆಂದು ಗೊಣಗುತ್ತಾರೆ. ನನ್ನ ತಕರಾರು ಬೇರೆ. ಈ ಶುಲ್ಕ ಗಾಡಿಯ ವಯಸ್ಸನ್ನು ನೋಡುತ್ತದೆ, ಅದು ಉಗುಳುವ ಹೊಗೆಯನ್ನು ನೋಡುವುದಿಲ್ಲ. ಹಳೆಯ ಗಾಡಿಗಳಿಂದ ಸಾಮಾನ್ಯವಾಗಿ ಮಾಲಿನ್ಯ ಹೆಚ್ಚು, 2020ರಲ್ಲಿ ಬಂದ ಭಾರತ್ ಸ್ಟೇಜ್ 6 ಮೇಲು ಎಂಬುದು ನಿಜವೇ. ಆದರೆ ವಾರಕ್ಕೊಮ್ಮೆ ಸಂತೆಗೆ ಹೋಗುವ, ಚೆನ್ನಾಗಿ ಇಟ್ಟುಕೊಂಡ ಹಳೆಯ ಕಾರಿಗೆ ದುಬಾರಿ ಶುಲ್ಕ. ದಿನವಿಡೀ ಕರಿಹೊಗೆ ಕಾರುತ್ತ ಓಡುವ ಲಾರಿಗೆ ಕಿಸೆಯಲ್ಲಿ ಕಾಗದವಿದ್ದರೆ ಸಾಕು. ಇದಾವ ನ್ಯಾಯ?

ನನ್ನ ಶಿಷ್ಯನನ್ನೊಬ್ಬನನ್ನೇ ದೂರಲಾರೆ. "ಫೇಲ್ ಮಾಡಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ ಸಾರ್" ಎಂದ. ಪ್ರಾಮಾಣಿಕನಿಗೇ ನಷ್ಟವಾಗುವ ಏರ್ಪಾಡು ಇದು. ಆದ್ದರಿಂದ ಸರ್ಕಾರ ಮಾಡಬೇಕಾದದ್ದು ಎರಡು. ತಪಾಸಣೆಯಾದ ಗಾಡಿಗಳಲ್ಲಿ ಕೆಲವನ್ನು ರಸ್ತೆಯಲ್ಲೇ ನಿಲ್ಲಿಸಿ ಮರುಪರೀಕ್ಷೆ ಮಾಡಲಿ, ಸುಳ್ಳು ಕಂಡಲ್ಲಿ ಕೇಂದ್ರದ ಪರವಾನಗಿ ರದ್ದಾಗಲಿ. ಕರಿಹೊಗೆ ಬಿಡುವ ವಾಹನವನ್ನು, ಅದು ಸರ್ಕಾರದ್ದೇ ಆಗಿರಲಿ, ಕಾಗದ ಕೇಳುವ ಮೊದಲು ಪರೀಕ್ಷೆಗೆ ಒಡ್ಡಲಿ.

ನಮ್ಮದು ಇನ್ನೂ ಸುಲಭ. ಮುಂದಿನ ಸಲ ತಪಾಸಣೆಗೆ ಹೋದಾಗ ನಳಿಕೆಯನ್ನು ಸೈಲೆನ್ಸರ್ ಒಳಗೆ ಹಾಕುವವರೆಗೆ ದುಡ್ಡು ಕೊಡಬೇಡಿ. ನೀವು ಓದಿದ ಶಾಲೆ ಈಗಲೂ ಹೆದ್ದಾರಿಯ ಪಕ್ಕದಲ್ಲೇ ಇದೆ. ಬೆಳಿಗ್ಗೆ ಪ್ರಾರ್ಥನೆಗೆ ಸಾಲಾಗಿ ನಿಲ್ಲುವ ಮಕ್ಕಳು ಉಸಿರಾಡುವುದು ನಮ್ಮ ಗಾಡಿಗಳು ಬಿಟ್ಟ ಗಾಳಿಯನ್ನೇ. ನನಗೆ ಗುರುದಕ್ಷಿಣೆ ಕೊಡಬೇಕೆನಿಸಿದವರು ಇಷ್ಟು ಮಾಡಿದರೆ ಸಾಕು.