ವಿಮಾನದ ಬಾಲಕ್ಕೆ ರಬ್ಬರಿನ ಕವಚ

ಹೊಸದುರ್ಗದ ಸುತ್ತಣ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಾಣದ ವಾಚಕರು ನಮ್ಮಲ್ಲಿ ವಿರಳ. ಅಂತಹ ಯಂತ್ರದ ರೆಕ್ಕೆಯ ತುದಿಯು ಗಂಟೆಗೆ 250 ಕಿಲೋಮೀಟರಿನಷ್ಟು ವೇಗದಲ್ಲಿ ಗಾಳಿಯನ್ನು ಸೀಳುವುದರಿಂದ, ಮಳೆಹನಿಯೂ ಧೂಳೂ ಸೇರಿ ಅದರ ಮುಂದಂಚನ್ನು ವರ್ಷವರ್ಷವೂ ಸವೆಯಿಸುತ್ತವೆ. ಅದನ್ನು ತಡೆಯಲು ಅಂಚಿಗೆ ರಕ್ಷಣೆಯ ಪಟ್ಟಿಯನ್ನು ಅಂಟಿಸುವುದುಂಟು. ಇದೇ ಜಾತಿಯ ಉಪಾಯವು ಲಘು ವಿಮಾನಗಳ ಬಾಲಕ್ಕೂ ಬಳಕೆಯಲ್ಲಿದೆ. ಪಾದವೇ ಇಲ್ಲದ ಕಡೆ ತೊಡಿಸುವ ಈ ರಬ್ಬರಿನ ಪಟ್ಟಿಗೆ ಆ ಕಸುಬಿನವರು "ಬೂಟು" ಎನ್ನುತ್ತಾರೆ! ಶೀತದೇಶಗಳಲ್ಲಿ ಗಾಳಿ ತುಂಬಿ ಉಬ್ಬಿಸಿ ಹಿಮವನ್ನು ಒಡೆಯುವ ರಬ್ಬರ್ ಬೂಟು ಬೇರೆ. ಇದರ ಕೆಲಸ ಕಲ್ಲಿನ ಏಟನ್ನು ತಾಳಿಕೊಳ್ಳುವುದು ಮಾತ್ರ.

ವಿಮಾನವು ನೆಲದ ಮೇಲೆ ಓಡುವಾಗ ಚಕ್ರಗಳು ಚಿಮ್ಮಿಸುವ ಹರಳುಗಳಿಗೂ, ಪ್ರೊಪೆಲರಿನ ಗಾಳಿ ಎಬ್ಬಿಸುವ ಮರಳಿಗೂ ಎದೆಯೊಡ್ಡತಕ್ಕುದು ಬಾಲದ ಅಡ್ಡರೆಕ್ಕೆ. ಸೆಸ್ನಾ ಮೊದಲಾದ ಲಘು ವಿಮಾನಗಳಲ್ಲಿ ಅದರ ಅಲ್ಯೂಮಿನಿಯಂ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಬಣ್ಣ ಹಾರಿದ ಕಡೆ ಕಿಲುಬು ಹಿಡಿಯಬಹುದು. ತಗ್ಗು ಬಿದ್ದ ಕಡೆ ಬಿರುಕು ಹುಟ್ಟಬಹುದು. ಡಾಂಬರಿನ ಓಡುದಾರಿಯಲ್ಲಿ ಈ ಭಯ ಕಡಮೆ. ನಮ್ಮ ಜಿಲ್ಲೆಯಂತಹ ಕಲ್ಲುನೆಲದಲ್ಲಿ ಹೆಚ್ಚು.

ಕವಚವನ್ನು ತೊಡಿಸುವ ಕೆಲಸ ನೋಡಲು ಸುಲಭ, ಮಾಡಲು ತಾಳ್ಮೆಯದು. ಮೊದಲು ಅಂಚಿನ ನಡುಗೆರೆಯನ್ನು ಗುರುತಿಸಿ, ಪಟ್ಟಿಯ ಎಲ್ಲೆಯನ್ನು ಕಾಗದದ ಪಟ್ಟಿಯಿಂದ ಕಟ್ಟಬೇಕು. ಜಿಡ್ಡಿನ ಲೇಶವೂ ಉಳಿಯದಂತೆ ದ್ರಾವಕದಿಂದ ಒರಸಬೇಕು. ತಗಡಿಗೂ ರಬ್ಬರಿಗೂ ಅಂಟನ್ನು ಬಳಿದು, ಅದು ಹೇಳಿದಷ್ಟು ಆರಿದ ಮೇಲೆ, ನಡುಗೆರೆಯಿಂದ ಆರಂಭಿಸಿ ಮೇಲಕ್ಕೂ ಕೆಳಕ್ಕೂ ರೋಲರಿನಿಂದ ಒತ್ತುತ್ತಾ ಸಾಗಬೇಕು. ಒಳಗೆ ಗಾಳಿ ಸಿಕ್ಕಿಕೊಂಡರೆ ಅಲ್ಲಿ ಗುಳ್ಳೆ ಏಳುತ್ತದೆ. ಕೊನೆಗೆ, ನೀರು ನುಸುಳದಂತೆ ಅಂಚುಗಳನ್ನು ಮುಚ್ಚಬೇಕು. ಮಳೆಗಾಲದ ತೇವದ ದಿನಗಳಲ್ಲಿ ಈ ಕೆಲಸಕ್ಕೆ ಕೈಯಿಕ್ಕದಿರುವುದೇ ಲೇಸು. ಅವಧಿ ಮೀರಿದ ಅಂಟನ್ನಂತೂ ಮುಟ್ಟಲೇಬಾರದು. ಪಟ್ಟಿಯು ಅಡ್ಡರೆಕ್ಕೆಯ ಸ್ಥಿರವಾದ ಭಾಗಕ್ಕೆ ಮಾತ್ರ ಸಲ್ಲತಕ್ಕುದು. ಅದರ ಹಿಂದೆ ಆಡುವ ಎಲಿವೇಟರಿನ ತೂಕದ ಸಮತೋಲ ಕೆಟ್ಟರೆ ಬಾಲವೇ ಅದುರತೊಡಗೀತು.

ಆದರೆ ನಮ್ಮ ಮುಖ್ಯ ಮಾತು ಇದಲ್ಲ. ಎತ್ತಿಗೆ ಲಾಳ ಹೊಡೆಯುವವನು ಮೊದಲು ಗೊರಸನ್ನು ಕೆರೆದು ನೋಡುತ್ತಾನೆ. ಹುಣ್ಣಿದ್ದರೆ ಲಾಳವನ್ನು ಕೆಳಗಿಟ್ಟು ಮದ್ದು ಹಚ್ಚುತ್ತಾನೆ. ಈ ವಿವೇಕವು ವಿಮಾನಶಾಲೆಗಳಲ್ಲಿಯೂ ಇರಬೇಕಷ್ಟೆ? ಕಪ್ಪು ರಬ್ಬರು ಸವೆತವನ್ನು ತಡೆಯುವಷ್ಟೇ ಚೆನ್ನಾಗಿ ದೋಷವನ್ನು ಮರೆಮಾಡುತ್ತದೆ. ತಗ್ಗುಬಿದ್ದ ಅಂಚಿನ ಮೇಲೆ ಅದನ್ನು ಹೊದಿಸಿದರೆ ವಿಮಾನವು ಹೊಸದರಂತೆ ಹೊಳೆಯುತ್ತದೆ. ಅಡಿಯಲ್ಲಿ ಬಿರುಕು ಬೆಳೆಯುತ್ತದೆ. ಅಂತಹ ವಿಮಾನದಲ್ಲಿ ಕುಳಿತುಕೊಳ್ಳುವವರು ಹೆತ್ತವರ ಉಳಿತಾಯವನ್ನೆಲ್ಲ ಶುಲ್ಕಕ್ಕೆ ತೆತ್ತು ಬಂದ ಇಪ್ಪತ್ತು ವರ್ಷದ ಮಕ್ಕಳು. ದುರಸ್ತಿಯ ಖರ್ಚನ್ನು ತಪ್ಪಿಸಲು ಕವಚ ಹಾಕಿಸುವ ಮಾಲೀಕರ ಕವಚಕ್ಕಿಂತ, ಬರಿಯ ತಗಡೇ ಮೇಲೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಬರಿಯ ತಗಡಿನ ತಗ್ಗು ಕಣ್ಣಿಗಾದರೂ ಬೀಳುತ್ತದೆ.

1951ರಲ್ಲಿ ಹಿಂದೂಸ್ಥಾನ್ ಕಾರ್ಖಾನೆಯ ಎಚ್.ಟಿ.-2 ಬೆಂಗಳೂರಿನ ಆಕಾಶಕ್ಕೇರಿತು. ಅದೇ ನಗರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಹಂಸ-ಎನ್.ಜಿ. ಹಾರಿತು. 2017ರಲ್ಲಿ ನಮ್ಮ ಜಿಲ್ಲೆಯ ಚಳ್ಳಕೆರೆಯ ಬಳಿ ವೈಮಾನಿಕ ಪರೀಕ್ಷಾ ಕ್ಷೇತ್ರವೂ ಉದ್ಘಾಟನೆಯಾಯಿತು. ವಿಮಾನ ಕಟ್ಟಿದವರಿಗೆ ದೇಶವು ಹಾರ ಹಾಕಿರುವುದು ಉಚಿತವೇ. ಕಟ್ಟಿದ್ದನ್ನು ಕೆಡದಂತೆ ಕಾಯುವ ಮೆಕ್ಯಾನಿಕನ ಹೆಸರನ್ನು ಮಾತ್ರ ಯಾವ ಸಮಾರಂಭದಲ್ಲಿಯೂ ಕೇಳಿದವರಿಲ್ಲ. "ಈ ತಗಡು ಸರಿಯಿಲ್ಲ, ಕವಚ ಹಾಕಲಾರೆ" ಎಂದು ಮಾಲೀಕನ ಎದುರಿಗೆ ಹೇಳಬೇಕಾದವನು ಅವನೇ.

ಆದುದರಿಂದ ಜಕ್ಕೂರಿನ ಸರ್ಕಾರಿ ಶಾಲೆಯೂ ಖಾಸಗಿ ಶಾಲೆಗಳೂ ಕವಚ ಹಾಕುವ ಮುನ್ನ ಅಂಚನ್ನು ಪರೀಕ್ಷಿಸಿದ ದಿನಾಂಕವನ್ನೂ, ಕಂಡ ದೋಷವನ್ನೂ, ಮಾಡಿದ ದುರಸ್ತಿಯನ್ನೂ, ಕೂಡಿದ ತೂಕವನ್ನೂ ವಿಮಾನದ ದಾಖಲೆಯಲ್ಲಿ ಬರೆದು, ಲೈಸೆನ್ಸ್ ಪಡೆದ ಎಂಜಿನಿಯರರ ರುಜುವನ್ನು ಹಾಕಿಸಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅಧಿಕಾರಿಗಳು ತಪಾಸಣೆಗೆ ಬಂದಾಗ ರಬ್ಬರಿನ ಹೊಳಪನ್ನು ನೋಡದೆ ಆ ಪುಟವನ್ನು ತೆರೆಸಲಿ. ಮಕ್ಕಳನ್ನು ಸೇರಿಸಲು ಹೋದ ತಂದೆತಾಯಿಗಳೂ ಅದನ್ನು ತೋರಿಸೆಂದು ಕೇಳಬಹುದು. ತೋರಿಸಲು ಹಿಂದೆಗೆಯುವ ಶಾಲೆಗೆ ಶುಲ್ಕ ಕಟ್ಟದಿರಲಿ.