ಕೊಂಡ ಹೆಸರು ಎಷ್ಟು ದಿನ?

‘ಗೂಗಲ್‌ನಲ್ಲಿ ನಿಮ್ಮ ವೆಬ್‌ಸೈಟ್ ಬಿದ್ದಿದೆಯೇ? 30 ದಿನಗಳಲ್ಲಿ ಮೊದಲ ಪುಟಕ್ಕೆ ತರುತ್ತೇವೆ, ಗ್ಯಾರಂಟಿ.’ ಮುಂಬೈಯಲ್ಲಿ ಸಣ್ಣ ವ್ಯಾಪಾರ ನಡೆಸುವ ನಮ್ಮವರು ಇಂಥ ವಾಟ್ಸ್‌ಆ್ಯಪ್ ಸಂದೇಶಗಳನ್ನು ನನಗೆ ಕಳುಹಿಸಿ, ‘ಇದನ್ನು ನಂಬಬಹುದಾ?’ ಎಂದು ಕೇಳುತ್ತಾರೆ. ನಂಬಬೇಡಿ ಎನ್ನುತ್ತೇನೆ. ಹಾಗೆ ಹೇಳುವ ಧೈರ್ಯ ಬಂದಿದ್ದು ನನ್ನದೇ ತಪ್ಪಿನಿಂದ.

2013ರಲ್ಲಿ ಕುಂದಾಪುರ ಕಡೆಯ ಕೇಟರಿಂಗ್ ಮಾಲೀಕರೊಬ್ಬರ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದೆ. ಬೇಗ ಮೇಲೆ ಬರಲೆಂದು ದುಡ್ಡು ಕೊಟ್ಟು ನೂರಾರು ಲಿಂಕ್ ಹಾಕಿಸಿದೆ. ಅಡುಗೆಗೂ ಮದುವೆಗೂ ಸಂಬಂಧವೇ ಇಲ್ಲದ ತಾಣಗಳಲ್ಲಿ ‘ಬೆಸ್ಟ್ ಕೇಟರರ್ ಇನ್ ಮುಂಬೈ’ ಎಂಬ ಒಂದೇ ಸಾಲು. ಒತ್ತಿದರೆ ನಮ್ಮ ಪುಟ. ಯಾರೋ ಮೆಚ್ಚಿ ಶಿಫಾರಸು ಮಾಡಿದಂತೆ ಕಾಣಬೇಕು, ಅಷ್ಟೇ. ಇಂಥದ್ದನ್ನು ಹಿಡಿಯಲೆಂದೇ ಗೂಗಲ್ 2012ರ ಏಪ್ರಿಲ್‌ನಲ್ಲಿ ‘ಪೆಂಗ್ವಿನ್’ ಎಂಬ ಅಲ್ಗಾರಿದಂ ತಂದಿತ್ತು. ನಮ್ಮಂಥ ಸಣ್ಣವರನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದೆ. 2014ರ ಅಕ್ಟೋಬರ್‌ನಲ್ಲಿ ಅದರ ಹೊಸ ಆವೃತ್ತಿ ಬಂತು. ಮೊದಲ ಪುಟದಲ್ಲಿದ್ದ ನಾವು ಐದನೆಯ ಪುಟಕ್ಕೆ ಬಿದ್ದೆವು. ಮದುವೆ ಸೀಸನ್‌ನ ಹೊತ್ತಿಗೇ ಕರೆಗಳು ನಿಂತವು. ‘ಎಂತ ಆಯ್ತು ಮಾರಾಯ, ಫೋನೇ ಹಾಳಾಯ್ತಾ ಅಂತ ನೋಡಿದೆ’ ಎಂದರು ಅವರು. ನಾನು ಏನು ಮಾಡಿದ್ದೆ ಎಂಬುದನ್ನು ಅಂದೇ ಅವರಿಗೆ ಹೇಳಿದೆ.

ಇಂಥ ಹೊತ್ತಿನಲ್ಲಿ ಮೊದಲು ತಿಳಿಯಬೇಕಾದ್ದು ಶಿಕ್ಷೆ ಕೊಟ್ಟವರು ಯಾರು ಎಂಬುದು. ಗೂಗಲ್‌ನ ಸಿಬ್ಬಂದಿಯೇ ಪರಿಶೀಲಿಸಿ ಶಿಕ್ಷಿಸಿದ್ದರೆ, ಈಗ ಸರ್ಚ್ ಕನ್ಸೋಲ್ ಎನ್ನುವ ಉಚಿತ ಖಾತೆಯಲ್ಲಿ ಅದರ ನೋಟಿಸ್ ಇರುತ್ತದೆ. ತಪ್ಪು ಸರಿಪಡಿಸಿ ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಅಲ್ಗಾರಿದಂ ಕೆಳಗಿಳಿಸಿದ್ದರೆ ನೋಟಿಸೂ ಇಲ್ಲ, ಅರ್ಜಿಯೂ ಇಲ್ಲ. ಸಂದರ್ಶಕರ ಸಂಖ್ಯೆ ಕುಸಿದ ದಿನವನ್ನು ಅಪ್‌ಡೇಟ್ ಬಂದ ದಿನದ ಜೊತೆ ಹೋಲಿಸಿ ನಾವೇ ಊಹಿಸಬೇಕು. ನಮ್ಮದು ಎರಡನೆಯದು.

ಒಂದೊಂದು ತಾಣಕ್ಕೂ ಇಮೇಲ್ ಬರೆದು ಲಿಂಕ್ ತೆಗೆಯಿರಿ ಎಂದು ಬೇಡಿಕೊಂಡೆ. ಹೆಚ್ಚಿನವರು ಉತ್ತರಿಸಲಿಲ್ಲ. ಕೆಲವರು ತೆಗೆಯಲೂ ದುಡ್ಡು ಕೇಳಿದರು! ಉಳಿದವನ್ನು ‘ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಪಟ್ಟಿ ಮಾಡಿ ಗೂಗಲ್‌ಗೆ ಕೊಟ್ಟೆ. ಅದಕ್ಕೆಂದೇ 2012ರಿಂದ ‘ಡಿಸ್‌ಅವೌ’ ಎಂಬ ಸೌಲಭ್ಯವಿದೆ. ನಾಲ್ಕು ತಿಂಗಳಲ್ಲಿ ಮನೆ ಶುದ್ಧವಾಯಿತು. ಆದರೆ ರ‍್ಯಾಂಕ್ ಅಲುಗಲಿಲ್ಲ. ಪೆಂಗ್ವಿನ್ ಮತ್ತೊಮ್ಮೆ ಹೊಸದಾಗಿ ಲೆಕ್ಕ ಹಾಕುವವರೆಗೆ ಬಿಡುಗಡೆಯಿಲ್ಲ. ಆ ದಿನ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ, ಹತ್ತಿರ ಹತ್ತಿರ ಎರಡು ವರ್ಷದ ಮೇಲೆ.

ಇದು ಅನ್ಯಾಯವೆಂದೇ ನಾನು ಈಗಲೂ ಹೇಳುತ್ತೇನೆ. ತಪ್ಪು ತಿದ್ದಿಕೊಂಡವನನ್ನು ಎರಡು ವರ್ಷ ಬಾಗಿಲಲ್ಲಿ ನಿಲ್ಲಿಸುವ ವ್ಯವಸ್ಥೆ ದೊಡ್ಡ ಕಂಪನಿಗೆ ಗಾಯ ಮಾಡೀತು, ಸಣ್ಣ ಅಂಗಡಿಯನ್ನು ಮುಚ್ಚಿಸುತ್ತದೆ. ಆ ಎರಡು ವರ್ಷ ಅವರ ಒಲೆ ಆರದಂತೆ ನೋಡಿಕೊಂಡದ್ದು ಹಿಂದೆ ಊಟ ಮಾಡಿದ್ದವರ ಬಾಯಿಮಾತು ಮತ್ತು ಕನ್ನಡ ಸಂಘದ ಪರಿಚಯಗಳು.

ಬಿಡುಗಡೆಯಾದ ಮೇಲೂ ನಾವು ಮೊದಲಿನ ಸ್ಥಾನಕ್ಕೆ ಬರಲಿಲ್ಲ. ಎರಡನೆಯ ಪುಟದಲ್ಲಿ ನಿಂತೆವು. ಆಗ ಅರ್ಥವಾಯಿತು: ಹಳೆಯ ರ‍್ಯಾಂಕ್ ನಮ್ಮದಾಗಿರಲೇ ಇಲ್ಲ, ಕೊಂಡ ಲಿಂಕ್‌ಗಳದ್ದಾಗಿತ್ತು. ಅಲ್ಲಿಂದ ಮೇಲೇರಿದ್ದು ನಿಜವಾದ ಮೆನು, ದರ, ತಾವೇ ಬಡಿಸಿದ ಊಟದ ಫೋಟೊ, ಗಿರಾಕಿಗಳು ಸದಾ ಕೇಳುವ ಪ್ರಶ್ನೆಗಳಿಗೆ ಉತ್ತರ ಹಾಕಿದ ಮೇಲೆಯೇ.

ಈಗ ಕಾಲ ಬದಲಾಗಿದೆ, ಆಸೆ ಬದಲಾಗಿಲ್ಲ. ಅಂದು ಲಿಂಕ್ ಮಾರುತ್ತಿದ್ದವರ ಜಾಗದಲ್ಲಿ ಇಂದು ಎಐನಿಂದ ಸಾವಿರ ಪುಟ ಬರೆಸಿ ತುಂಬಿಸುವವರಿದ್ದಾರೆ. ರ‍್ಯಾಂಕ್‌ಗಾಗಿಯೇ ರಾಶಿ ರಾಶಿ ಪುಟ ಸುರಿಯುವುದನ್ನು, ಬರೆದದ್ದು ಮನುಷ್ಯನಾಗಲಿ ಯಂತ್ರವಾಗಲಿ, ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನಿಯಮಗಳಡಿ ತಂದಿದೆ.

ಏನೂ ತಪ್ಪು ಮಾಡದೆ ಬಿದ್ದ ವೆಬ್‌ಸೈಟ್‌ಗಳೂ ಇವೆ, ನಿಜ. ಆದರೆ ಗ್ಯಾರಂಟಿ ಕೊಡುವವನಿಗೆ ದುಡ್ಡು ಕೊಡುವ ಮೊದಲು, ಹಿಂದೆ ನಿಮ್ಮ ಹೆಸರಲ್ಲಿ ಯಾರು ಏನು ಮಾಡಿಸಿದ್ದಾರೆ ಎಂದು ಕೇಳಿ ತಿಳಿಯಿರಿ. ಪರ ಊರಿನಲ್ಲಿ ನಮ್ಮ ಹಿರಿಯರು ಹೆಸರು ಗಳಿಸಿದ್ದು ಒಂದೊಂದೇ ಗಿರಾಕಿಯಿಂದ. ಗೂಗಲ್‌ನಲ್ಲಿಯೂ ಬಾಳಿಕೆ ಬರುವ ದಾರಿ ಅದೇ.