ತರೀಕೆರೆ 45: ಕಲ್ಲಿನ ವಿಳಾಸ, ಜಾಲದ ವಿಳಾಸ

ತರೀಕೆರೆ ತಾಲ್ಲೂಕಿನ ಅಮೃತಪುರದ 1197ರ ಶಾಸನವನ್ನು ರಚಿಸಿದವನು ಜನ್ನ. ಶಿವಾಲಯವೊಂದರ ಶಾಸನಕ್ಕೆ ಜೈನಕವಿಯ ಪ್ರತಿಭೆ ಒದಗಿದ ಸಂಗತಿ ಪ್ರತ್ಯೇಕ ಲೇಖನಕ್ಕೇ ವಸ್ತುವಾಗಬಲ್ಲದು. ಇಲ್ಲಿ ಪ್ರಸ್ತುತವಾದುದು ಆ ಶಾಸನದ ವಿಳಾಸ. ವಿದ್ವಾಂಸರು ಅದನ್ನು ‘ತರೀಕೆರೆ 45’ ಎಂದು ಕರೆಯುತ್ತಾರೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ, ಅಂದರೆ 1901ರಲ್ಲಿ ಹೊರಬಂದ ಕಡೂರು ಜಿಲ್ಲೆಯ ಶಾಸನಗಳ ಸಂಪುಟ, ಕೊಟ್ಟ ಸಂಖ್ಯೆಯದು. ಅದೇ ಸಂಪುಟದ ‘ಕಡೂರು 1’ ಎಂದರೆ 971ರ ಪಾಂಬಬ್ಬೆಯ ಶಾಸನ. ಗಂಗರ ಬೂತುಗನ ಅಕ್ಕನಾದ ಆಕೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸು ನಡೆಸಿದ ಕಥನ ಅದರಲ್ಲಿದೆ.

ಕಡೂರು ಜಿಲ್ಲೆ ಎಂಬುದು ಈಗಿಲ್ಲ. ಅದು ಚಿಕ್ಕಮಗಳೂರು ಜಿಲ್ಲೆಯಾಗಿ ದಶಕಗಳೇ ಕಳೆದಿವೆ. ತರೀಕೆರೆ ತಾಲ್ಲೂಕಿನ ಒಂದು ಪಾಲು ಇತ್ತೀಚೆಗೆ ಒಡೆದು ಅಜ್ಜಂಪುರ ತಾಲ್ಲೂಕಾಗಿದೆ. ಶಾಸನ ಸಂಪುಟಗಳ ಪರಿಷ್ಕೃತ ಆವೃತ್ತಿಗಳಲ್ಲಿ ಸಂಖ್ಯೆಗಳೂ ಹೊಸದಾದುವು. ಆದರೂ ‘ಕಡೂರು 1’ ಎಂದು ಬರೆದ ಹಳೆಯ ಅಡಿಟಿಪ್ಪಣಿ ಯಾವುದೂ ಅನಾಥವಾಗಲಿಲ್ಲ. ಹೊಸ ಸಂಖ್ಯೆ ಕೊಟ್ಟವರು ಹಳೆಯ ಸಂಖ್ಯೆಯನ್ನೂ ಅದರ ಪಕ್ಕದಲ್ಲಿ ನಮೂದಿಸಿದುದೇ ಇದಕ್ಕೆ ಕಾರಣ. ಶಾಸನಶಾಸ್ತ್ರದಲ್ಲಿ ಇದು ತೀರ ಸಾಮಾನ್ಯವಾದ ಶಿಸ್ತು, ಯಾರೂ ಇದನ್ನು ಹೊಗಳಲು ಹೋಗುವುದಿಲ್ಲ. ಕನ್ನಡದ ಜಾಲಪುಟಗಳ ಗತಿಯನ್ನು ನೋಡಿದಾಗ ಮಾತ್ರ ಈ ಶಿಸ್ತಿನ ಬೆಲೆ ತಿಳಿಯುತ್ತದೆ.

ಅಂತರ್ಜಾಲದ ಆರಂಭದ ದಿನಗಳಲ್ಲಿ ಸ್ವಂತ ತಾಣ ಹೊಂದುವುದು ದುಬಾರಿಯಾಗಿತ್ತು. ಒಬ್ಬ ಲೇಖಕನನ್ನೋ ನಟನನ್ನೋ ಗಾಯಕನನ್ನೋ ಮೆಚ್ಚಿ ಪುಟ ಕಟ್ಟುವ ಅಭಿಮಾನಿಗೆ ಉಚಿತ ನೆಲೆಯೇ ಗತಿ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಜಿಯೋಸಿಟೀಸ್ ಇಂತಹ ನೆಲೆಗಳಲ್ಲಿ ಪ್ರಸಿದ್ಧವಾದುದು. ಅದರ ವಿನ್ಯಾಸ ನಗರದಂತಿತ್ತು. ವಿಷಯಕ್ಕೊಂದು ಕೇರಿ, ಪ್ರತಿ ತಾಣಕ್ಕೂ ಒಂದು ಮನೆಸಂಖ್ಯೆ. ಸಾಹಿತ್ಯ, ತತ್ತ್ವಶಾಸ್ತ್ರ, ಶಿಕ್ಷಣಗಳಿಗೆ ಮೀಸಲಾದ ಕೇರಿಯ ಹೆಸರು ‘ಅಥೆನ್ಸ್’. ರೈಸ್ ಅವರು ತಾಲ್ಲೂಕಿನ ಹೆಸರಿನ ಮುಂದೆ ಅಂಕಿಯನ್ನಿಟ್ಟ ಕ್ರಮಕ್ಕೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಾದರೂ ಸ್ವಾರಸ್ಯಕರವಾಗಿದೆ. 1999ರಲ್ಲಿ ಯಾಹೂ ಅದನ್ನು ಕೊಂಡಿತು. ಕೊಂಡೊಡನೆ, ಬಳಕೆದಾರರು ಏರಿಸಿದ ಬರಹಗಳ ಮೇಲೆ ತನಗೆ ವ್ಯಾಪಕ ಹಕ್ಕು ನೀಡುವ ಷರತ್ತನ್ನು ಮುಂದಿಟ್ಟು, ಪ್ರತಿಭಟನೆ ಎದ್ದಾಗ ಹಿಂದೆಗೆಯಿತು. 2009ರ ಏಪ್ರಿಲ್‌ನಲ್ಲಿ ಸೇವೆ ನಿಲ್ಲುವುದೆಂಬ ಘೋಷಣೆ ಬಂತು. ಅಕ್ಟೋಬರ್ 26ರಂದು ಬಾಗಿಲು ಮುಚ್ಚಿತು. ಬಳಿಕ ಸರದಿ ಇತರರದು: 2014ರ ಸೆಪ್ಟೆಂಬರ್ 30ರಂದು ಆರ್ಕುಟ್, 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್, 2020ರ ಡಿಸೆಂಬರ್‌ನಲ್ಲಿ ಯಾಹೂ ಗ್ರೂಪ್ಸ್. ಕನ್ನಡದ ಲೇಖಕರ ಹೆಸರಿನಲ್ಲಿ ಓದುಗರು ಕಟ್ಟಿಕೊಂಡ ಕೂಟಗಳೂ, ಪದಗಳ ಅರ್ಥವನ್ನು ಕುರಿತು ನಡೆಸಿದ ವಾದಗಳೂ ಈ ನೆಲೆಗಳಲ್ಲಿದ್ದುವು.

ಮುಚ್ಚಿದವರನ್ನು ದೂರಿ ಪ್ರಯೋಜನವಿಲ್ಲ. ಬಿಟ್ಟಿಯಾಗಿ ಕೊಟ್ಟ ಜಾಗವನ್ನು ಕೊಟ್ಟವನು ಹಿಂದಕ್ಕೆ ಪಡೆಯುವುದು ಅನಿರೀಕ್ಷಿತವೇನಲ್ಲ. ಆ ಉಚಿತ ನೆಲೆ ಇರದಿದ್ದರೆ ಕನ್ನಡದ ಎಷ್ಟೋ ಪುಟಗಳು ಹುಟ್ಟುತ್ತಲೇ ಇರಲಿಲ್ಲ ಎಂಬುದನ್ನೂ ಒಪ್ಪಬೇಕು. ಜಾಹೀರಾತುಗಳ ಕಿರಿಕಿರಿ, ಜಾಗದ ಮಿತಿ, ಹೆಚ್ಚು ಓದುಗರು ಬಂದಾಗ ಪುಟವೇ ತೆರೆಯದಿರುವುದು ಇವೆಲ್ಲ ಸಹಿಸಬಹುದಾದ ತೊಂದರೆಗಳು. ಸಹಿಸಲಾಗದ್ದು ಬೇರೆ. ಉಚಿತ ನೆಲೆಯಲ್ಲಿ ಬರಹ ಅಭಿಮಾನಿಯದು, ವಿಳಾಸ ಮಾತ್ರ ಒಡೆಯನದು. ಮನೆ ಬದಲಿಸುವಾಗ ಬರಹವನ್ನು ಹೊತ್ತೊಯ್ಯಬಹುದು, ವಿಳಾಸವನ್ನು ಒಯ್ಯಲಾಗದು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ದಾಟಿಸುವ ವ್ಯವಸ್ಥೆಯನ್ನು ಉಚಿತ ನೆಲೆಗಳು ಸಾಮಾನ್ಯವಾಗಿ ಕೊಡುವುದಿಲ್ಲ. ವರ್ಡ್‌ಪ್ರೆಸ್‌ ಡಾಟ್ ಕಾಮ್‌ನಲ್ಲಿ ಅದು ಹಣ ತೆತ್ತು ಪಡೆಯುವ ಸೌಲಭ್ಯ. ಹೀಗಾಗಿ ಸ್ಥಳಾಂತರ ಯಶಸ್ವಿಯಾದರೂ, ಹಿಂದೆ ಆ ಪುಟವನ್ನು ಆಧಾರವಾಗಿ ಕೊಟ್ಟಿದ್ದ ಪ್ರಬಂಧಗಳ ಅಡಿಟಿಪ್ಪಣಿಗಳೆಲ್ಲ ಒಮ್ಮೆಗೇ ಕುರುಡಾಗುತ್ತವೆ.

ಜಿಯೋಸಿಟೀಸ್ ಮುಚ್ಚುವ ಹೊತ್ತಿಗೆ ಜೇಸನ್ ಸ್ಕಾಟ್ ಮೊದಲಾದವರ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಸಾಧ್ಯವಾದಷ್ಟನ್ನು ನಕಲಿಸಿಕೊಂಡಿತು. ಇನ್ನೊಂದು ಪ್ರಯತ್ನ ರಿಯೋಸಿಟೀಸ್. ಅದರಲ್ಲಿ ಹಳೆಯ ವಿಳಾಸದ ಮೊದಲಕ್ಷರವೊಂದನ್ನು ಬದಲಿಸಿದರೆ ಸಾಕು, ಉಳಿದೆಲ್ಲ ಯಥಾಸ್ಥಿತಿಯಲ್ಲಿದ್ದು, ಉಳಿಸಿದ ಪುಟ ದೊರೆಯುವಂತೆ ಏರ್ಪಾಟು ಮಾಡಿದ್ದರು. ಹಳೆಯ ಸಂಖ್ಯೆಯನ್ನು ಹೊಸದರ ಪಕ್ಕದಲ್ಲಿ ಬರೆಯುವ ಸಂಪಾದಕರ ವಿವೇಕವೇ ಇದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಪ್ರಸಂಗವನ್ನು ಉಲ್ಲೇಖಿಸುವವರು ಪ್ರತಿಗಳ ಸಂಖ್ಯೆಯನ್ನಷ್ಟೇ ಎಣಿಸುತ್ತಾರೆ. ಓಲೆಗೆ ಕಾವ್ಯದ ಹೆಸರೊಂದೇ ಗುರುತಾಗಿತ್ತು. ಯಾವ ಬಸದಿಯ ಭಂಡಾರಕ್ಕೆ ಹೋದರೂ ಆ ಗುರುತು ಬದಲಾಗುತ್ತಿರಲಿಲ್ಲ. ಜಾಲಪುಟಕ್ಕೆ ಆ ಅನುಕೂಲವಿಲ್ಲ. ಅದರ ಗುರುತು ಅದಿರುವ ಸ್ಥಳದ ಗುರುತೇ ಆಗಿದೆ.

ಕನ್ನಡಕ್ಕೆ ಮತ್ತೊಂದು ತೊಡಕು ಹೆಚ್ಚಿನದು. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಕಟ್ಟಿದ ಪುಟಗಳಲ್ಲಿ ಅಕ್ಷರದ ಆಕಾರ ಮಾತ್ರ ಕನ್ನಡದ್ದು. ಒಳಗಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಡೀ ಲೇಖನ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಆದ್ದರಿಂದ ಕಡತಗಳನ್ನು ಎತ್ತಿ ಬೇರೆಡೆ ಇಟ್ಟ ಮಾತ್ರಕ್ಕೆ ಸ್ಥಳಾಂತರ ಮುಗಿಯದು, ಲಿಪಿಯ ಪರಿವರ್ತನೆಯೂ ಆಗಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವ ಅಪಾಯವಿದೆ. ಹಳಗನ್ನಡ ಪಾಠಗಳಲ್ಲಿ ಱ, ೞ ಗಳು ಉಳಿದಿವೆಯೇ, ರ, ಳ ಗಳಾಗಿ ಮಾರ್ಪಟ್ಟಿವೆಯೇ ಎಂಬುದನ್ನು ಹಸ್ತಪ್ರತಿಯ ಪಾಠಾಂತರವನ್ನು ನೋಡುವಷ್ಟೇ ಎಚ್ಚರದಿಂದ ಪರಿಶೀಲಿಸಬೇಕು. ಪ್ರಾಸಂಗಿಕವಾಗಿ ಹೇಳುವುದಾದರೆ, ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ತಪ್ಪು ಹೆಸರಾದರೂ ಇರಲಿ, ನಂಬಿ ಬಳಸಿದವರ ದಾರಿ ಕೆಡಬಾರದು ಎಂಬ ಈ ನಿಲುವನ್ನು ಹಾಸ್ಯಾಸ್ಪದವೆನ್ನುವವರು ಇದ್ದಾರೆ. ಅಡಿಟಿಪ್ಪಣಿ ಬರೆದು ಅನುಭವವಿದ್ದವರು ಹಾಗೆನ್ನಲಾರರು.

ಪ್ರಶ್ನೆ ಹಳೆಯ ಕಾಲಕ್ಕಷ್ಟೇ ಸೇರಿದ್ದಲ್ಲ. ‘ಆನಂದ’ ಎಂಬ ಕಾವ್ಯನಾಮದಿಂದ ಬರೆದ ಅಜ್ಜಂಪುರ ಸೀತಾರಾಂ (1902-1963) ಅವರನ್ನೇ ನೋಡಬಹುದು. ‘ನಾನು ಕೊಂದ ಹುಡುಗಿ’ಯ ಮೂಲಕ ಅವರನ್ನು ಬಲ್ಲವರು ಬಹಳ, ಉಳಿದ ಕಥೆಗಳನ್ನು ಹುಡುಕಿ ಓದಿದವರು ಕಡಮೆ. ಲೇಖಕನ ಮರಣಾನಂತರ ಅರವತ್ತು ವರ್ಷಗಳ ಹಕ್ಕುಸ್ವಾಮ್ಯವೆಂಬ ಭಾರತದ ಕಾಯಿದೆಯಂತೆ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತಾಗಿವೆ. ಅಜ್ಜಂಪುರದ ಅಭಿಮಾನಿಯೊಬ್ಬ ಆ ಕಥೆಗಳಿಗೆ ಜಾಲತಾಣ ಕಟ್ಟಲು ಇಂದು ಅಡ್ಡಿಯಿಲ್ಲ. ಇತ್ತೀಚಿನ ಸಂಪಾದಕರ ಮುನ್ನುಡಿಗಳನ್ನೂ ಛಾಯಾಚಿತ್ರಗಳನ್ನೂ ಮುಟ್ಟದಿದ್ದರಾಯಿತು. ಆದರೆ ಅವನು ಮೊದಲ ದಿನವೇ ಯಾವುದೋ ಉಚಿತ ನೆಲೆಯ ಉಪವಿಳಾಸವನ್ನು ಪಡೆದು ಕಥೆಗಳನ್ನು ಏರಿಸತೊಡಗಿದರೆ, ಹತ್ತು ವರ್ಷಗಳ ಮುಂದಿನ ಸಂಶೋಧಕನಿಗೆ ಅಂದೇ ಹಳ್ಳ ತೋಡಿದಂತೆ.

ಪರಿಹಾರ ಅಷ್ಟೇನೂ ಕಷ್ಟವಲ್ಲ. ಸ್ವಂತ ಡೊಮೈನ್ ಹೆಸರಿನ ವಾರ್ಷಿಕ ಶುಲ್ಕ ಸಾಧಾರಣ ಸಂಶೋಧನಗ್ರಂಥವೊಂದರ ಬೆಲೆಯ ಆಸುಪಾಸಿನದು. ಬ್ಲಾಗರ್‌ನಂತಹ ಉಚಿತ ನೆಲೆಯಲ್ಲಿದ್ದುಕೊಂಡೇ ಆ ಹೆಸರನ್ನು ಜೋಡಿಸಿಕೊಳ್ಳಬಹುದು. ನಾಳೆ ನೆಲೆ ಬದಲಾದರೂ, ಒಳಗಿನ ಪುಟಗಳ ಹೆಸರನ್ನು ಹಾಗೆಯೇ ಉಳಿಸಿಕೊಂಡರೆ, ಓದುಗನ ಕೊಂಡಿ ಮುರಿಯುವುದಿಲ್ಲ. ಹೆಸರು ಕಟ್ಟಿದವನ ನಂತರ ಅದರ ಶುಲ್ಕ ಯಾರು ಕಟ್ಟಬೇಕು ಎಂಬುದೇ ನಿಜವಾದ ಸಮಸ್ಯೆ. ಒಬ್ಬ ವ್ಯಕ್ತಿಯ ಇಮೇಲ್ ಮತ್ತು ಗುಪ್ತಪದದ ಮೇಲೆ ನಿಂತ ತಾಣ ಆ ವ್ಯಕ್ತಿಯೊಂದಿಗೇ ಮುಗಿಯುತ್ತದೆ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ಪ್ರಕಟಿಸಿದ ಮೇಲೆ ಈ ಮಾತು ಇನ್ನಷ್ಟು ತುರ್ತಿನದಾಗಿದೆ. ಕಾಲೇಜಿನ ಕನ್ನಡ ವಿಭಾಗಗಳು, ತಾಲ್ಲೂಕು ಸಾಹಿತ್ಯ ಪರಿಷತ್ತಿನ ಘಟಕಗಳು ಇಂತಹ ಹೆಸರುಗಳಿಗೆ ವಾರಸುದಾರರಾಗಲು ಮುಂದೆ ಬರಬೇಕು. ಸ್ಮರಣಸಂಚಿಕೆಗೂ ಹಾರತುರಾಯಿಗೂ ದೊರೆಯುವ ಹಣದ ಅಲ್ಪಭಾಗ ಇದಕ್ಕೆ ಸಾಕು.

ಮಹಾಪ್ರಬಂಧಗಳ ಮಾರ್ಗದರ್ಶಕರ ಹೊಣೆಯೂ ಇದರಲ್ಲಿದೆ. ಜಾಲಪುಟವನ್ನು ಆಧಾರವಾಗಿ ಕೊಡುವ ವಿದ್ಯಾರ್ಥಿ ಅದನ್ನು ನೋಡಿದ ದಿನಾಂಕವನ್ನು ಬರೆದರೆ ಸಾಲದು. ಆ ದಿನವೇ ಪುಟವನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ದಾಖಲಿಸಿ, ಮೂಲ ವಿಳಾಸದ ಜತೆಗೆ ದಾಖಲೆಯ ವಿಳಾಸವನ್ನೂ ಕೊಡುವುದನ್ನು ಕಡ್ಡಾಯಗೊಳಿಸಬೇಕು. ಇದಕ್ಕೆ ತಗಲುವುದು ಒಂದೆರಡು ನಿಮಿಷ. ಸ್ಥಳಾಂತರ ಮಾಡುವ ಅಭಿಮಾನಿಯೂ ಹೊಸ ತಾಣದಲ್ಲಿ ಒಂದು ಪುಟವನ್ನು ಹಳೆಯ ವಿಳಾಸಗಳ ಪಟ್ಟಿಗೆ ಮೀಸಲಿಡಲಿ: ಎಡಗಡೆ ಹಳೆಯದು, ಬಲಗಡೆ ಹೊಸದು. ‘ತರೀಕೆರೆ’ ಎಂಬ ಶೀರ್ಷಿಕೆಯಡಿ ಅಚ್ಚಾದ ಶಾಸನವೊಂದನ್ನು ಇಂದಿನ ಅಜ್ಜಂಪುರ ತಾಲ್ಲೂಕಿನ ಹಳ್ಳಿಗೆ ಹೋಗಿ ನೋಡಬಯಸುವ ವಿದ್ಯಾರ್ಥಿ ಕೈಯಲ್ಲಿ ಹಿಡಿದುಕೊಳ್ಳುವುದೂ ಅಂಥದೇ ಒಂದು ಪಟ್ಟಿಯನ್ನು.